ಬೆನಗಲ್ ನರಸಿಂಗರಾಯರು

ಸ್ವತಂತ್ರ ಭಾರತದ ಸಂವಿಧಾನವು ಅನೇಕ ಮಹನೀಯರ ಪರಿಶ್ರಮದ ಫಲ. ಕರಡು ಸಮಿತಿಯ ಅಧ್ಯಕ್ಷರಾಗಿ, ಅದರ ಒಂದೊಂದು ವಿಧಿಯನ್ನೂ ಸಭೆಯಲ್ಲಿ ಸಮರ್ಥಿಸಿ ದಡ ಮುಟ್ಟಿಸಿದ ಡಾಕ್ಟರ್ ಅಂಬೇಡ್ಕರರ ಹೆಸರು ದೇಶದಲ್ಲೆಲ್ಲ ಮನೆಮಾತಾಗಿದೆ. ಆದರೆ ಆ ಸಮಿತಿಯ ಪರಿಶೀಲನೆಗಾಗಿ ಮೊತ್ತಮೊದಲ ಕರಡನ್ನು ಸಿದ್ಧಪಡಿಸಿದವರು ಮಂಗಳೂರಿನಲ್ಲಿ ಜನಿಸಿದ ಒಬ್ಬ ಮೇಧಾವಿಯೆಂಬ ಸಂಗತಿ ಬಹುಮಂದಿಗೆ ತಿಳಿದಿಲ್ಲ. ಅವರೇ ಬೆನಗಲ್ ನರಸಿಂಗರಾಯರು. ಸಂವಿಧಾನ ಸಭೆಯಲ್ಲಿ ಅವರು ಸದಸ್ಯರಾಗಿರಲಿಲ್ಲ. ಅಲ್ಲಿ ಮತ ನೀಡುವ ಹಕ್ಕಾಗಲಿ ಭಾಷಣ ಮಾಡುವ ಅವಕಾಶವಾಗಲಿ ಅವರಿಗಿರಲಿಲ್ಲ. ತಮ್ಮ ಕೆಲಸಕ್ಕಾಗಿ ಅವರು ವೇತನವನ್ನೂ ಪಡೆಯಲಿಲ್ಲ. ಒಂದು ಮಹಾರಾಷ್ಟ್ರದ ಅಧಿಕಾರವೆಲ್ಲ ಯಾರ ಕೈಯಲ್ಲಿ, ಎಷ್ಟು, ಯಾವ ಕಟ್ಟಿಗೆ ಒಳಪಟ್ಟು ಇರಬೇಕೆಂಬುದನ್ನು ಬರೆದು ತೋರಿಸಿದ ಆ ವ್ಯಕ್ತಿ ತಮಗಾಗಿ ಯಾವ ಅಧಿಕಾರವನ್ನೂ ಬಯಸದೆ ದುಡಿದರು.

ನರಸಿಂಗರಾಯರು 1887ನೆಯ ಇಸವಿ ಫೆಬ್ರವರಿ 26ರಂದು ಜನಿಸಿದರು. ಅವರ ತಂದೆ ರಾಘವೇಂದ್ರರಾಯರು ಹೆಸರುವಾಸಿಯಾದ ವೈದ್ಯರು. ಆ ಮನೆಯ ಮಕ್ಕಳೆಲ್ಲ ವಿದ್ಯೆಯಲ್ಲಿ ಮುಂದಾದವರೇ. ನರಸಿಂಗರಾಯರ ಸೋದರರಲ್ಲಿ ಒಬ್ಬರಾದ ರಾಮರಾಯರು ಮುಂದೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರರಾದರು; ಇನ್ನೊಬ್ಬರಾದ ಶಿವರಾಯರು ಪತ್ರಿಕೋದ್ಯಮದಲ್ಲಿ ಹೆಸರು ಗಳಿಸಿ ಸಂವಿಧಾನ ಸಭೆಯ ಸದಸ್ಯರಾದರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ನರಸಿಂಗರಾಯರು ಮದರಾಸಿನಲ್ಲಿ ಪದವಿ ಪಡೆದು, ವಿದ್ಯಾರ್ಥಿವೇತನದ ನೆರವಿನಿಂದ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಟ್ರಿನಿಟಿ ಕಾಲೇಜನ್ನು ಸೇರಿದರು. ಮುಂದೆ ಭಾರತದ ಪ್ರಧಾನಮಂತ್ರಿಯಾದ ಜವಾಹರಲಾಲ್ ನೆಹರೂ ಅದೇ ಕಾಲದಲ್ಲಿ ಅದೇ ಕಾಲೇಜಿನ ವಿದ್ಯಾರ್ಥಿಯಾಗಿದ್ದರು. 1909ರಲ್ಲಿ ರಾಯರು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬಂಗಾಳ ಪ್ರಾಂತದ ಸೇವೆಗೆ ನಿಯುಕ್ತರಾದರು.

ಆ ಕಾಲದಲ್ಲಿ ಐ.ಸಿ.ಎಸ್. ಅಧಿಕಾರಿಯೆಂದರೆ ಜಿಲ್ಲೆಗೆ ಅರಸನಿದ್ದಂತೆ. ಕಂದಾಯದ ವಸೂಲಿ, ಪೋಲೀಸಿನ ಮೇಲ್ವಿಚಾರಣೆ, ನ್ಯಾಯತೀರ್ಮಾನ ಇವೆಲ್ಲ ಆ ಸೇವೆಯವರ ಕೈಯಲ್ಲಿದ್ದವು. ಅವರು ಉತ್ತರ ಹೇಳಬೇಕಾಗಿದ್ದುದು ಸಮುದ್ರದಾಚೆಯ ಸರಕಾರಕ್ಕೇ ಹೊರತು ಪ್ರಜೆಗಳಿಗಲ್ಲ. ಈ ಸೇವೆಯೊಳಗಿದ್ದ ರಾಯರು ನ್ಯಾಯಾಂಗದ ಕಡೆಗೆ ಒಲಿದು, ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ ಕೆಲಸ ಮಾಡಿದರು. ಅನಂತರ ಅಸ್ಸಾಮ್ ಸರಕಾರದ ಕಾನೂನು ಇಲಾಖೆಯ ಕಾರ್ಯದರ್ಶಿಯಾದರು. ಕಾನೂನನ್ನು ಅನ್ವಯಿಸುವ ಕೆಲಸದಿಂದ ಅದನ್ನು ರಚಿಸುವ ಕೆಲಸಕ್ಕೆ ಅವರು ಬಂದದ್ದು ಹೀಗೆ. 1935ರ ಭಾರತ ಸರಕಾರದ ಅಧಿನಿಯಮ ಜಾರಿಗೆ ಬಂದಾಗ, ದೇಶದ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದುವಂತೆ ಪರಿಷ್ಕರಿಸುವ ಹೊಣೆ ಅವರ ಪಾಲಿಗೆ ಬಂತು. ಈ ಸೇವೆಗಾಗಿ ಸರಕಾರ ಅವರಿಗೆ 1938ರಲ್ಲಿ ಸರ್ ಪದವಿಯನ್ನಿತ್ತಿತು. ಮುಂದೆ ಅವರು ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು. ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತಗಳ ನಡುವೆ ಎದ್ದ ವಿವಾದವನ್ನು ಪರಿಶೀಲಿಸಿದ ಆಯೋಗಕ್ಕೂ ಅವರೇ ಅಧ್ಯಕ್ಷರು.

1941ರಲ್ಲಿ ಇನ್ನೊಂದು ಸೂಕ್ಷ್ಮವಾದ ಹೊಣೆ ಅವರ ಮೇಲೆ ಬಿದ್ದಿತು. ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕಿನ ಬಗೆಗೆ 1937ರಲ್ಲಿ ಮಾಡಿದ್ದ ಕಾನೂನಿನಲ್ಲಿ ಅನೇಕ ತೊಡಕುಗಳಿದ್ದವು. ಅವನ್ನು ಬಿಡಿಸಲು ಸರಕಾರ ರಾಯರ ಅಧ್ಯಕ್ಷತೆಯಲ್ಲಿ ಹಿಂದೂ ಕಾನೂನು ಸಮಿತಿಯನ್ನು ನೇಮಿಸಿತು. 1944ರಲ್ಲಿ ಆ ಸಮಿತಿಗೆ ಮತ್ತೆ ಚಾಲನೆ ದೊರೆತು, ಅದು ದೇಶದ ಹಲವು ನಗರಗಳಲ್ಲಿ ಸಂಚರಿಸಿ ಜನರ ಅಭಿಪ್ರಾಯಗಳನ್ನು ಕೇಳಿತು. ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಪಾಲು, ಒಬ್ಬನಿಗೆ ಒಬ್ಬಳೇ ಪತ್ನಿ, ಕಾರಣವಿದ್ದಾಗ ವಿವಾಹವಿಚ್ಛೇದನ ಇವೆಲ್ಲ ಸಮಿತಿಯ ಕರಡಿನಲ್ಲಿ ಸೇರಿದ್ದವು. ಸಂಪ್ರದಾಯನಿಷ್ಠರು ಇದನ್ನು ತೀವ್ರವಾಗಿ ವಿರೋಧಿಸಿದರು. ರಾಯರು ಯಾರನ್ನೂ ಹಳಿಯದೆ, ಯಾರಿಗೂ ಅಂಜದೆ ತಮ್ಮ ವರದಿಯನ್ನು ಒಪ್ಪಿಸಿದರು. ಈ ಕರಡು ಕೆಲವು ವರ್ಷಗಳ ಬಳಿಕ ರಾಷ್ಟ್ರಪತಿಯ ಅಧಿಕಾರಕ್ಕೇ ಒರೆಗಲ್ಲಾಗುವುದೆಂದು ಆಗ ಯಾರೂ ಊಹಿಸಿರಲಿಲ್ಲ.

1944ರಲ್ಲಿ ಸರಕಾರೀ ಸೇವೆಯಿಂದ ನಿವೃತ್ತರಾದ ರಾಯರು ಸ್ವಲ್ಪ ಕಾಲ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದರು. ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದಾಗ, ಪದವಿಗೆ ಅಂಟಿಕೊಳ್ಳದೆ 1945ರಲ್ಲಿ ರಾಜೀನಾಮೆ ನೀಡಿದರು. ಮರುವರ್ಷವೇ ಅವರ ಜೀವಿತದ ಅತಿ ದೊಡ್ಡ ಕೆಲಸ ಅವರನ್ನು ಕರೆಯಿತು. 1946ರ ಜುಲೈ ತಿಂಗಳಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾಗಿ ನೇಮಕಗೊಂಡರು.

ಆ ವರ್ಷದ ಡಿಸೆಂಬರ್ 9ರಂದು ಸಭೆ ಮೊದಲ ಬಾರಿ ಸೇರಿತು. ಸದಸ್ಯರಲ್ಲಿ ದೇಶಕ್ಕಾಗಿ ಸೆರೆಮನೆ ಕಂಡವರಿದ್ದರು, ಪ್ರಖ್ಯಾತ ವಕೀಲರಿದ್ದರು, ಗ್ರಾಮಜೀವನವನ್ನು ಬಲ್ಲವರಿದ್ದರು. ಆದರೆ ಜಗತ್ತಿನ ಬೇರೆ ಬೇರೆ ದೇಶಗಳು ಸರಕಾರದ ಯಂತ್ರವನ್ನು ಹೇಗೆ ಹೂಡಿವೆಯೆಂಬ ವಿವರ ಎಲ್ಲರಿಗೂ ತಿಳಿದಿರುವಂತಿರಲಿಲ್ಲ. ರಾಯರು ಇಂಗ್ಲೆಂಡ್, ಅಮೆರಿಕ, ಕೆನಡಾ, ಐರ್ಲೆಂಡ್, ಸ್ವಿಟ್ಸರ್‌ಲೆಂಡ್ ಮೊದಲಾದ ದೇಶಗಳ ರಾಜ್ಯಾಂಗ ವ್ಯವಸ್ಥೆಗಳನ್ನು ಸಂಗ್ರಹಿಸಿ, ಹೋಲಿಸಿ, ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸಿ ಸದಸ್ಯರಿಗೆ ಹಂಚಿದರು. 1947ರ ಮಾರ್ಚಿಯಲ್ಲಿ ಒಂದು ಪ್ರಶ್ನಾವಳಿಯನ್ನೂ ಶಾಸನಸಭೆಗಳ ಸದಸ್ಯರಿಗೆ ಕಳುಹಿಸಿದರು. ರಾಷ್ಟ್ರದ ಮುಖ್ಯಸ್ಥನನ್ನು ಆರಿಸುವವರು ಯಾರು, ಅವನ ಅಧಿಕಾರವೆಷ್ಟು, ಮಂತ್ರಿಗಳು ಶಾಸನಸಭೆಗೆ ಹೊಣೆಯಾಗಿರಬೇಕೋ ಅಥವಾ ಅಮೆರಿಕದಲ್ಲಿರುವಂತೆ ಅಧ್ಯಕ್ಷನಿಗೆ ಹೊಣೆಯಾಗಿರಬೇಕೋ ಎಂಬ ಪ್ರಶ್ನೆಗಳು ಅದರಲ್ಲಿದ್ದವು.

ಈ ಕೊನೆಯ ಪ್ರಶ್ನೆಯ ತೂಕವನ್ನರಿಯಬೇಕಾದರೆ ಅಮೆರಿಕದ ವ್ಯವಸ್ಥೆಯನ್ನು ಸ್ವಲ್ಪ ತಿಳಿಯಬೇಕು. 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಚಿತವಾದ ಆ ದೇಶದ ಸಂವಿಧಾನವು ಕಾರ್ಯಾಂಗದ ಅಧಿಕಾರವನ್ನೆಲ್ಲ ಅಧ್ಯಕ್ಷನೊಬ್ಬನಲ್ಲಿ ಇರಿಸಿದೆ. ಅವನ ಅವಧಿ ನಾಲ್ಕು ವರ್ಷ. ಶಾಸಕಾಂಗವಾದ ಕಾಂಗ್ರೆಸ್ಸಿನಲ್ಲಿ ಅವನ ಪಕ್ಷಕ್ಕೆ ಬಹುಮತವಿಲ್ಲದಿದ್ದರೂ ಅವನು ಪದವಿಯಲ್ಲಿ ಮುಂದುವರಿಯುತ್ತಾನೆ. ಇಲಾಖೆಗಳ ಮುಖ್ಯಸ್ಥರು ಕಾಂಗ್ರೆಸ್ಸಿನ ಸದಸ್ಯರಲ್ಲ. ಅವರು ಅಧ್ಯಕ್ಷನ ಆಯ್ಕೆಯವರು. ಆದರೆ ಇಷ್ಟು ಅಧಿಕಾರವಿರುವವನಿಗೂ ಕಟ್ಟುಗಳುಂಟು. ಉನ್ನತಾಧಿಕಾರಿಗಳ ನೇಮಕಕ್ಕೆ ಸೆನೆಟ್ ಸಭೆ ಒಪ್ಪಬೇಕು. ಖರ್ಚಿಗೆ ಹಣವನ್ನು ಕಾಂಗ್ರೆಸ್ಸು ಮಂಜೂರು ಮಾಡಬೇಕು. ಮಸೂದೆಯನ್ನು ಅಧ್ಯಕ್ಷನು ತಿರಸ್ಕರಿಸಿದರೂ ಎರಡು ಸಭೆಗಳು ಮೂರರಲ್ಲಿ ಎರಡು ಪಾಲು ಬಹುಮತದಿಂದ ಅದನ್ನು ಕಾನೂನಾಗಿ ಮಾಡಬಹುದು.

ಅಧ್ಯಕ್ಷನ ಕೈಕೆಳಗೆ ದುಡಿಯುವ ಅಧಿಕಾರಿವರ್ಗ ಯಾರದು ಎಂಬ ಪ್ರಶ್ನೆ ಆ ದೇಶವನ್ನು ಬಹುಕಾಲ ಕಾಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಚುನಾವಣೆಯಲ್ಲಿ ಗೆದ್ದ ಪಕ್ಷದವರು ಸರಕಾರದ ಕೆಲಸಗಳನ್ನು ತಮ್ಮ ಬೆಂಬಲಿಗರಿಗೆ ಹಂಚುವುದು ಅಲ್ಲಿ ವಾಡಿಕೆಯಾಗಿತ್ತು. ಅಧ್ಯಕ್ಷ ಬದಲಾದರೆ ಅಂಚೆಯ ಪೋಸ್ಟ್‌ಮಾಸ್ಟರನೂ ಬದಲಾಗುತ್ತಿದ್ದ. 1881ರಲ್ಲಿ, ಕೆಲಸ ಬೇಡಿ ದೊರೆಯದೆ ನಿರಾಶನಾದ ಒಬ್ಬನು ಅಧ್ಯಕ್ಷ ಗಾರ್ಫೀಲ್ಡರ ಮೇಲೆ ಗುಂಡು ಹಾರಿಸಿದ. ಅವರು ಕೆಲವು ವಾರಗಳು ನರಳಿ ಅಸುನೀಗಿದರು. ದೇಶ ಎಚ್ಚೆತ್ತು, 1883ರಲ್ಲಿ ಪರೀಕ್ಷೆಯ ಮೂಲಕ ಅರ್ಹರನ್ನು ಆರಿಸುವ ಕಾನೂನನ್ನು ಮಾಡಿತು. ಮುಂದೆ 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ವ್ಯಾಪಾರ ಆಯೋಗದ ಸದಸ್ಯರಾದ ಹಂಫ್ರಿ ಎಂಬವರನ್ನು, ತಮ್ಮ ನೀತಿಗೆ ಹೊಂದುವವರಲ್ಲವೆಂದು ಪದವಿಯಿಂದ ತೆಗೆದುಹಾಕಿದರು. ಹಂಫ್ರಿಯವರು ತೀರಿಕೊಂಡ ಮೇಲೂ ಅವರ ಬಾಕಿ ವೇತನದ ವ್ಯಾಜ್ಯ ನಡೆಯಿತು. ಕಾಂಗ್ರೆಸ್ಸು ಸ್ವತಂತ್ರವಾಗಿರಲೆಂದು ಸ್ಥಾಪಿಸಿದ ಆಯೋಗದ ಸದಸ್ಯನನ್ನು, ಕಾನೂನಿನಲ್ಲಿ ಹೇಳಿದ ಕಾರಣವಿಲ್ಲದೆ ಅಧ್ಯಕ್ಷನು ತೆಗೆಯಲಾಗದೆಂದು 1935ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಈ ವಿವಾದ ಆ ದೇಶದಲ್ಲಿ ಅನಂತರವೂ ಮತ್ತೆ ಮತ್ತೆ ತಲೆಯೆತ್ತಿದೆ.

ಭಾರತದ ಸಂವಿಧಾನ ಸಭೆ ಅಮೆರಿಕದ ದಾರಿಯನ್ನು ಹಿಡಿಯಲಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಲೆಕ್ಕ ಕೇಳುವುದಕ್ಕಿಂತ ದಿನದಿನವೂ ಲೆಕ್ಕ ಕೇಳುವ ಪದ್ಧತಿಯೇ ಲೇಸೆಂದು ಬಗೆದು, ಅದು ಮಂತ್ರಿಮಂಡಲವು ಲೋಕಸಭೆಗೆ ಹೊಣೆಯಾಗಿರುವ ವ್ಯವಸ್ಥೆಯನ್ನು ಆರಿಸಿಕೊಂಡಿತು. ಆದರೂ ಕಾರ್ಯಾಂಗದ ಅಧಿಕಾರ ರಾಷ್ಟ್ರಪತಿಯಲ್ಲಿ ನಿಹಿತವಾಗಿದೆಯೆಂದು ಭಾರತದ ಸಂವಿಧಾನವೂ ಹೇಳುತ್ತದೆ. ಎರಡು ದೇಶಗಳ ಸಂವಿಧಾನಗಳಲ್ಲಿ ಮಾತು ಹೆಚ್ಚುಕಡಿಮೆ ಒಂದೇ, ಅರ್ಥ ಮಾತ್ರ ಬೇರೆ. ಅಮೆರಿಕದ ಅಧ್ಯಕ್ಷನು ಆ ಅಧಿಕಾರವನ್ನು ತಾನೇ ಚಲಾಯಿಸುತ್ತಾನೆ. ಭಾರತದ ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆ ಚಲಾಯಿಸುತ್ತಾನೆ.

ಈ ವಿಷಯದಲ್ಲಿ ರಾಯರ ಸ್ವಂತ ಅಭಿಪ್ರಾಯ ಕೊಂಚ ಬೇರೆಯಾಗಿತ್ತು. ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ರಾಷ್ಟ್ರಪತಿಯು ಪಕ್ಷರಾಜಕೀಯದಿಂದ ದೂರವಾಗಿ, ಹಿರಿಯರ ಒಂದು ಪರಿಷತ್ತಿನ ಸಲಹೆ ಪಡೆದು, ಸ್ವವಿವೇಚನೆಯಿಂದ ತೀರ್ಮಾನಿಸಲು ಅವಕಾಶವಿರಬೇಕೆಂದು 1947ರ ಮೇ ತಿಂಗಳಲ್ಲಿ ಅವರು ಸೂಚಿಸಿದರು. ಜನರಿಂದ ಆಯ್ಕೆಯಾದ ನಾಯಕರು ಇದನ್ನು ಒಪ್ಪಲಿಲ್ಲ. ರಾಯರು ಹಟ ಹಿಡಿಯಲಿಲ್ಲ, ಮುನಿಸಿಕೊಂಡು ದೂರ ಸರಿಯಲಿಲ್ಲ. ತಮ್ಮ ಸೂಚನೆಯನ್ನು ಬದಿಗಿರಿಸಿ, ಸಭೆಯ ತೀರ್ಮಾನಗಳನ್ನೇ ಸ್ಪಷ್ಟವಾದ ಕಾನೂನಿನ ಭಾಷೆಗೆ ಇಳಿಸಲು ತೊಡಗಿದರು. ಸಲಹೆ ನೀಡುವಾಗ ನಿರ್ಭಯರಾಗಿರುವುದು, ತೀರ್ಮಾನವಾದ ಮೇಲೆ ನಿಷ್ಠೆಯಿಂದ ನಡೆದುಕೊಳ್ಳುವುದು ಒಳ್ಳೆಯ ಅಧಿಕಾರಿಯ ಲಕ್ಷಣ. ಪರಕೀಯರ ಸೇವೆಯಲ್ಲಿ ಕಲಿತ ಈ ಶಿಸ್ತನ್ನು ರಾಯರು ಸ್ವತಂತ್ರ ದೇಶದ ಪ್ರಜೆಗಳ ಸೇವೆಗೆ ಮೀಸಲಿಟ್ಟರು. 1947ರ ಅಕ್ಟೋಬರ್ ವೇಳೆಗೆ 243 ವಿಧಿಗಳೂ 13 ಅನುಸೂಚಿಗಳೂ ಇದ್ದ ಅವರ ಕರಡು ಸಿದ್ಧವಾಯಿತು. ಅದನ್ನು ಆಧಾರವಾಗಿಟ್ಟುಕೊಂಡು ಕರಡು ಸಮಿತಿ ತನ್ನ ಕೆಲಸವನ್ನು ನಡೆಸಿತು.

ಕರಡನ್ನು ಒಪ್ಪಿಸಿದ ಮೇಲೆ ರಾಯರು ವಿಶ್ರಾಂತಿ ಬಯಸದೆ ವಿದೇಶ ಪ್ರವಾಸ ಕೈಗೊಂಡರು. ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡ್ ದೇಶಗಳಲ್ಲಿ ಸಂವಿಧಾನ ನಿಜವಾಗಿ ಹೇಗೆ ನಡೆಯುತ್ತಿದೆಯೆಂಬುದನ್ನು ಬಲ್ಲವರಿಂದಲೇ ಕೇಳಿ ತಿಳಿಯುವುದು ಅವರ ಉದ್ದೇಶವಾಗಿತ್ತು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರೊಡನೆ ಅವರು ನಡೆಸಿದ ಚರ್ಚೆ ಮುಖ್ಯವಾದುದು. ನ್ಯಾಯೋಚಿತವಾದ ಕ್ರಮವನ್ನನುಸರಿಸದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಗಳನ್ನೂ ಅಪಹರಿಸಬಾರದೆಂದು ಅಮೆರಿಕದ ಸಂವಿಧಾನ ವಿಧಿಸುತ್ತದೆ. ಈ ಮಾತನ್ನಾಧರಿಸಿ ಅಲ್ಲಿನ ನ್ಯಾಯಾಧೀಶರು ಹಲವು ಜನೋಪಯೋಗಿ ಕಾನೂನುಗಳನ್ನೇ ರದ್ದುಪಡಿಸಿದ್ದರು. ರೊಟ್ಟಿ ಬೇಯಿಸುವ ಕೆಲಸಗಾರರ ದುಡಿಮೆ ದಿನಕ್ಕೆ 10 ಗಂಟೆ ಮೀರಬಾರದೆಂದು ನ್ಯೂಯಾರ್ಕ್ ರಾಜ್ಯ ಮಾಡಿದ್ದ ಕಾನೂನು 1905ರಲ್ಲಿ ಬಿದ್ದುಹೋಯಿತು. ಹೆಂಗಸರಿಗೆ ಕನಿಷ್ಠ ಕೂಲಿ ನಿಗದಿ ಮಾಡಿದ್ದ ಕಾನೂನು 1923ರಲ್ಲಿ ಬಿದ್ದುಹೋಯಿತು. 1937ರಲ್ಲಿ ಮಾತ್ರ ನ್ಯಾಯಾಲಯ ತನ್ನ ಹಾದಿಯನ್ನು ಬದಲಿಸಿತು. ಆಯ್ಕೆಯಾದ ಪ್ರತಿನಿಧಿಗಳ ಕಾನೂನನ್ನು ಕೆಲವೇ ನ್ಯಾಯಾಧೀಶರು ಹೀಗೆ ತಡೆಯುವುದು ಪ್ರಜಾಪ್ರಭುತ್ವಕ್ಕೆ ಹೊಂದದೆಂದೂ ನ್ಯಾಯಾಲಯದ ಮೇಲೂ ಅದು ಸಲ್ಲದ ಹೊರೆಯೆಂದೂ ಫ್ರಾಂಕ್‌ಫರ್ಟರರು ಅಭಿಪ್ರಾಯಪಟ್ಟರು.

ಗೇಣಿದಾರನಿಗೆ ರಕ್ಷಣೆ, ಜಮೀನುದಾರಿಯ ನಿವಾರಣೆ, ಕೂಲಿಕಾರನಿಗೆ ನ್ಯಾಯವಾದ ಕೂಲಿ ಇಂತಹ ಕಾನೂನುಗಳಿಗಾಗಿ ಭಾರತದ ಕೋಟ್ಯಂತರ ಬಡವರು ಕಾದಿದ್ದರು. ಅವು ನ್ಯಾಯಾಲಯಗಳಲ್ಲಿ ಮುಗ್ಗರಿಸಬಾರದೆಂಬುದು ರಾಯರ ಕಾಳಜಿ. ಅವರ ವಾದವನ್ನು ಕರಡು ಸಮಿತಿ ಒಪ್ಪಿತು. ಅಮೆರಿಕದ ಮಾತಿಗೆ ಬದಲಾಗಿ, ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನದಂತಲ್ಲದೆ ಯಾರ ಜೀವ ಅಥವಾ ದೈಹಿಕ ಸ್ವಾತಂತ್ರ್ಯವನ್ನೂ ಹರಣ ಮಾಡಬಾರದೆಂಬ ಮಾತು ಸೇರಿತು. ಜಪಾನಿನ ಹೊಸ ಸಂವಿಧಾನದಲ್ಲಿ ಇಂತಹುದೇ ಪದಗಳಿದ್ದವು. ಇದೇ ಇಂದಿನ 21ನೆಯ ಅನುಚ್ಛೇದ.

ಆದರೆ ಈ ಬದಲಾವಣೆಗೆ ಇನ್ನೊಂದು ಮುಖವೂ ಇತ್ತು. ಕಾನೂನೇ ಅನ್ಯಾಯವಾಗಿದ್ದರೆ ಪ್ರಜೆಗೆ ಗತಿಯೇನು ಎಂದು ಸಭೆಯ ಅನೇಕ ಸದಸ್ಯರು ಕಳವಳಗೊಂಡರು. ಅವರ ಭಯ ಸುಳ್ಳಾಗಲಿಲ್ಲ. 1950ರಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಮಲಬಾರಿನ ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರು ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. ಶಾಸನಸಭೆ ಮಾಡಿದ ಕಾನೂನಿನ ಕ್ರಮವನ್ನು ಅನುಸರಿಸಿದ್ದರೆ ಸಾಕು, ಆ ಕ್ರಮ ನ್ಯಾಯವೋ ಅಲ್ಲವೋ ಎಂಬುದನ್ನು ಈ ಅನುಚ್ಛೇದದ ಅಡಿಯಲ್ಲಿ ತೂಗಿ ನೋಡಲಾಗದೆಂದು ಬಹುಮತದ ತೀರ್ಪು ಹೇಳಿತು. ಆ ಕಾರ್ಯವಿಧಾನ ನ್ಯಾಯವೂ ಯುಕ್ತವೂ ಆಗಿರಬೇಕೆಂದು ನ್ಯಾಯಾಲಯ ವಿವರಿಸಿದ್ದು 1978ರಲ್ಲಿ, ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ. ರಾಯರು ಒಂದು ಅಪಾಯವನ್ನು ಕಂಡು ಅದಕ್ಕೆ ಕಟ್ಟೆ ಕಟ್ಟಿದರು. ಆ ಕಟ್ಟೆಯಲ್ಲಿ ಉಳಿದ ಬಿರುಕನ್ನು ಮುಂದಿನ ತಲೆಮಾರು ಮುಚ್ಚಬೇಕಾಯಿತು.

1949ರ ನವೆಂಬರ್ 26ರಂದು ಸಂವಿಧಾನ ಅಂಗೀಕೃತವಾಯಿತು. ಅದರ ಹಿಂದಿನ ದಿನ ಅಂಬೇಡ್ಕರರು ತಮ್ಮ ಭಾಷಣದಲ್ಲಿ, ತಮಗೆ ಸಲ್ಲುತ್ತಿರುವ ಕೀರ್ತಿಯ ಒಂದು ಭಾಗ ನರಸಿಂಗರಾಯರಿಗೆ ಸೇರತಕ್ಕದ್ದೆಂದು ಸ್ಮರಿಸಿದರು. ಸಭೆಯ ಅಧ್ಯಕ್ಷರಾದ ರಾಜೇಂದ್ರಪ್ರಸಾದರೂ ರಾಯರ ಪಾಂಡಿತ್ಯವನ್ನೂ ಅವರು ಸಲ್ಲಿಸಿದ ಗೌರವ ಸೇವೆಯನ್ನೂ ಕೊಂಡಾಡಿದರು. ಆ ವೇಳೆಗೆ ರಾಯರು ದೂರದ ಅಮೆರಿಕದಲ್ಲಿ, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು.

ಎರಡು ವರ್ಷ ತುಂಬುವುದರೊಳಗಾಗಿ ರಾಷ್ಟ್ರಪತಿಯ ಅಧಿಕಾರದ ಪ್ರಶ್ನೆ ಮತ್ತೆ ಎದ್ದಿತು. ರಾಯರ ಸಮಿತಿಯ ಶ್ರಮದಿಂದ ಮೂಡಿದ ಹಿಂದೂ ಸಂಹಿತೆಯ ಮಸೂದೆ 1951ರಲ್ಲಿ ಸಂಸತ್ತಿನ ಮುಂದಿತ್ತು. ರಾಷ್ಟ್ರಪತಿಯಾಗಿದ್ದ ರಾಜೇಂದ್ರಪ್ರಸಾದರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಈ ವಿಷಯದಲ್ಲಿ ಮಂತ್ರಿಮಂಡಲದ ಸಲಹೆಗೆ ಕಟ್ಟುಬೀಳದೆ ತಮ್ಮ ವಿವೇಚನೆಯಂತೆ ನಡೆಯಬಯಸುವುದಾಗಿ ಅವರು ಪ್ರಧಾನಮಂತ್ರಿ ನೆಹರೂ ಅವರಿಗೆ ಬರೆದರು. ಅಟಾರ್ನಿ ಜನರಲ್ ಸೆಟಲ್ವಾಡ್ ಮತ್ತು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಇಬ್ಬರೂ, ರಾಷ್ಟ್ರಪತಿಯು ಮಂತ್ರಿಗಳ ಸಲಹೆಯಂತೆಯೇ ನಡೆಯಬೇಕೆಂದು ಅಭಿಪ್ರಾಯವಿತ್ತರು. ರಾಜೇಂದ್ರಪ್ರಸಾದರು ಆ ಮಾತನ್ನು ಮುಂದಕ್ಕೆ ಎಳೆಯಲಿಲ್ಲ. ದೇಶದ ಅತ್ಯುನ್ನತ ಪದವಿಯಲ್ಲಿದ್ದವರು ಸಂವಿಧಾನದ ಕಟ್ಟಿಗೆ ತಲೆಬಾಗಿದ್ದರಿಂದ ಒಂದು ಒಳ್ಳೆಯ ಸಂಪ್ರದಾಯ ಬೆಳೆಯಿತು. 1976ರ 42ನೆಯ ತಿದ್ದುಪಡಿ ಅದನ್ನೇ ಬರಹದಲ್ಲಿ ಖಚಿತಪಡಿಸಿತು. ಸಲಹೆಯನ್ನು ಒಂದು ಬಾರಿ ಮರುಪರಿಶೀಲನೆಗೆ ಕಳುಹಿಸುವ ಅವಕಾಶವನ್ನು 1978ರ 44ನೆಯ ತಿದ್ದುಪಡಿ ರಾಷ್ಟ್ರಪತಿಗೆ ನೀಡಿತು. ಹಿಂದೂ ಸಂಹಿತೆಯು 1955 ಮತ್ತು 1956ರಲ್ಲಿ ನಾಲ್ಕು ಅಧಿನಿಯಮಗಳಾಗಿ ಅಂಗೀಕೃತವಾದಾಗ ಅವಕ್ಕೆ ಅಂಕಿತ ಹಾಕಿದವರೂ ರಾಜೇಂದ್ರಪ್ರಸಾದರೇ.

ಅಧಿಕಾರಿಗಳ ವಿಷಯದಲ್ಲಿಯೂ ನಮ್ಮ ಸಂವಿಧಾನ ಇದೇ ಬಗೆಯ ಸಮತೋಲವನ್ನು ಅರಸಿದೆ. ಕೇಂದ್ರದ ನಾಗರಿಕ ಸೇವೆಯವರು ರಾಷ್ಟ್ರಪತಿಯ ಇಚ್ಛೆ ಇರುವವರೆಗೆ ಪದವಿಯಲ್ಲಿರುತ್ತಾರೆಂದು ಅದು ಹೇಳುತ್ತದೆ. ಆದರೂ ಅವರ ಮೇಲಿನ ಆರೋಪವನ್ನು ತಿಳಿಸಿ, ಅವರ ಉತ್ತರವನ್ನು ಕೇಳಿ, ವಿಚಾರಣೆ ನಡೆಸಿದ ಹೊರತು ಸಾಮಾನ್ಯವಾಗಿ ಅವರನ್ನು ವಜಾ ಮಾಡಲಾಗದೆಂದು 311ನೆಯ ಅನುಚ್ಛೇದ ರಕ್ಷಣೆ ನೀಡಿದೆ. ನೇಮಕಕ್ಕೆ ಪಕ್ಷದ ಬೆಂಬಲ ಆಧಾರವಾಗದಿರಲೆಂದು ಲೋಕಸೇವಾ ಆಯೋಗಗಳು ಏರ್ಪಟ್ಟಿವೆ. ಅಧಿಕಾರಿಯು ಮಂತ್ರಿಯ ಮುಂದೆ ಸತ್ಯವನ್ನು ಹೇಳಬೇಕಾದರೆ, ಹೇಳಿದ ಮಾತ್ರಕ್ಕೆ ಕೆಲಸ ಹೋಗುವುದೆಂಬ ಭಯ ಅವನಿಗಿರಬಾರದು. ಹಾಗೆಯೇ ಜನರ ಪ್ರತಿನಿಧಿಗಳನ್ನು ಮೀರಿ ನಡೆಯುವ ಹಮ್ಮೂ ಅವನಿಗಿರಬಾರದು.

ರಾಯರ ಕೊನೆಯ ವರ್ಷಗಳು ಜಗತ್ತಿನ ಶಾಂತಿಗಾಗಿ ಸವೆದವು. 1950ರ ಜೂನ್ ತಿಂಗಳಲ್ಲಿ ಕೊರಿಯಾದ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. ಆವೇಶದ ಆ ದಿನಗಳಲ್ಲಿ ಅವರು ತೋರಿದ ಸಮಚಿತ್ತ ಎಲ್ಲರ ಗೌರವಕ್ಕೆ ಪಾತ್ರವಾಯಿತು. 1952ರಲ್ಲಿ ಅವರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆದರೆ ಆರೋಗ್ಯ ಅವರ ಕೈಬಿಟ್ಟಿತ್ತು. 1953ರ ನವೆಂಬರ್ 30ರಂದು ಸ್ವಿಟ್ಸರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ಅವರು ಕೊನೆಯುಸಿರೆಳೆದರು. ಅವರ ಬರಹಗಳು ಸೋದರ ಶಿವರಾಯರ ಸಂಪಾದಕತ್ವದಲ್ಲಿ 1960ರಲ್ಲಿ ಗ್ರಂಥರೂಪವಾಗಿ ಹೊರಬಂದವು.

ಅಧಿಕಾರವನ್ನು ಹಿಡಿದವರ ಹೆಸರು ಇತಿಹಾಸದಲ್ಲಿ ಬೇಗ ಕಾಣುತ್ತದೆ. ಅಧಿಕಾರಕ್ಕೆ ಎಲ್ಲೆಕಟ್ಟು ಹಾಕಿಕೊಟ್ಟವರ ಹೆಸರನ್ನು ಹುಡುಕಿ ನೋಡಬೇಕಾಗುತ್ತದೆ. ನರಸಿಂಗರಾಯರು ಈ ಎರಡನೆಯ ಸಾಲಿನವರು. ಅವರ ಸಲಹೆಗಳಲ್ಲಿ ಕೆಲವು ನಿಂತವು, ಕೆಲವು ಬಿದ್ದವು, ಕೆಲವನ್ನು ಕಾಲ ತಿದ್ದಿತು. ತಮ್ಮ ಮಾತು ನಡೆದಾಗಲೂ ನಡೆಯದಿದ್ದಾಗಲೂ ಅವರು ಒಂದೇ ನಿಷ್ಠೆಯಿಂದ ಲೇಖನಿಯನ್ನು ಹಿಡಿದರು. ಪ್ರಜಾರಾಜ್ಯದಲ್ಲಿ ಕಚೇರಿಯ ಮೇಜಿನ ಹಿಂದೆ ಕುಳಿತುಕೊಳ್ಳುವ ಪ್ರತಿಯೊಬ್ಬರಿಗೂ, ಆ ಮೇಜು ಚಿಕ್ಕದಿರಲಿ ದೊಡ್ಡದಿರಲಿ, ಅವರ ಜೀವನ ದಾರಿ ತೋರಬಲ್ಲುದು.